ಸ್ವತಂತ್ರ ಗ್ರಾಫಿಕ್ ಕಾದಂಬರಿ: ಎಂಟು ತಿಂಗಳಲ್ಲಿ ಹಸ್ತಪ್ರತಿಯಿಂದ ಕಾಮಿಕ್ ಮೇಳದ ಮೇಜಿನವರೆಗೆ

ಬಿಳಿಹಾಳೆ
ಕಥೆ ಬರೆದು ಮುಗಿದಿದೆ. ಅಂದಾಜು 110 ಪುಟ, ಕಪ್ಪು-ಬಿಳುಪು, ಅಲ್ಲಲ್ಲಿ ಬೂದು ಛಾಯೆ, ಎ5 ಅಳತೆ, ಮಾತೆಲ್ಲ ಕನ್ನಡದಲ್ಲಿ. ಮೇಳಕ್ಕೆ ಎಂಟು ತಿಂಗಳಿದೆ, ಒಂದು ಪುಟವೂ ಇನ್ನೂ ಬಿಡಿಸಿಲ್ಲ. ಯಾವ ತೀರ್ಮಾನ ಈಗಲೇ ಆಗಬೇಕು, ಯಾವುದನ್ನು ಮುಂದಕ್ಕೆ ಹಾಕಬಹುದು? ಅಚ್ಚು, ಅಕ್ಷರ, ಮೇಳದ ಮೇಜು, ಯಾವುದರ ಬಗ್ಗೆ ತಿಳಿದವರಾದರೂ ಬಿಡಿಸಿ ಹೇಳಿ.

ಅಚ್ಚುಮೊಳೆ
ಪುಸ್ತಕದ ಅಳತೆ, ಪುಟಸಂಖ್ಯೆ, ಬೈಂಡಿಂಗ್, ಕಾಗದ. ಈ ನಾಲ್ಕು ಗಟ್ಟಿಯಾಗುವ ತನಕ ಪೆನ್ಸಿಲ್ ಹಿಡಿಯಬೇಡಿ. ಪ್ರೆಸ್ಸಿನಲ್ಲಿ ಕಾಣಿಸಿಕೊಳ್ಳುವ ತಪ್ಪುಗಳಲ್ಲಿ ಬಹುಪಾಲು ಮೊದಲ ಪುಟದ ಚೌಕಟ್ಟು ಎಳೆದ ದಿನವೇ ಆಗಿರುತ್ತವೆ.

ಪುಟಸಂಖ್ಯೆ: ಪಿನ್ ಹೊಡೆಯುವ ಪುಸ್ತಕವಾದರೆ 4ರ ಗುಣಕ. ನಿಮ್ಮದು ದಪ್ಪ, ಪರ್ಫೆಕ್ಟ್ ಬೈಂಡಿಂಗ್ (ಬೆನ್ನಿಗೆ ಅಂಟು ಹಾಕಿ ಕಟ್ಟುವುದು) ಬೇಕು, ಹಾಗಾಗಿ ಫಾರಂ (ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಮಡಿಚುವ ಪುಟಗಳ ಕಟ್ಟು) ಲೆಕ್ಕ ಹಿಡಿಯಿರಿ. 16 ಪುಟಕ್ಕೆ ಒಂದು ಫಾರಂ ಆದರೆ 96, 112, 128 ಪೂರ್ತಿ ಫಾರಂಗಳು. ಶೀರ್ಷಿಕೆ ಪುಟ, ಹಕ್ಕು-ಮುದ್ರಣ ವಿವರದ ಪುಟ, ಅರ್ಪಣೆ, ಕೊನೆಯ ಖಾಲಿ ಪುಟ ಎಲ್ಲವೂ ಈ ಲೆಕ್ಕದೊಳಗೇ ಬರುತ್ತವೆ. 112 ಪುಟದ ಪುಸ್ತಕದಲ್ಲಿ ಕಥೆಗೆ ಸಿಗುವುದು 106ರ ಆಸುಪಾಸು.

ಅಳತೆ: ಎ5 ಅಂದರೆ 148×210 ಮಿ.ಮೀ. ನಾಲ್ಕೂ ಬದಿಗೆ 3 ಮಿ.ಮೀ. ಬ್ಲೀಡ್ (ಚಿತ್ರ ಚಾಚಿರುವ, ಆಮೇಲೆ ಕತ್ತರಿಸಿ ಹೋಗುವ ಹೊರ ಅಂಚು) ಸೇರಿಸಿದರೆ 154×216. ಕಟಿಂಗ್ ಗೆರೆಯಿಂದ ಒಳಕ್ಕೆ 6 ಮಿ.ಮೀ. ಬಿಟ್ಟು ಅದರೊಳಗೇ ಮಾತು, ಮುಖ, ಕೈ ಇರಲಿ. ಬೆನ್ನಿನ ಕಡೆ ಮಾತ್ರ 15 ಮಿ.ಮೀ. ಬಿಡಿ. ಪರ್ಫೆಕ್ಟ್ ಬೈಂಡಿಂಗ್ ಪುಸ್ತಕ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ, ಬೆನ್ನಿನ ಹತ್ತಿರ ಬರೆದ ಮಾತು ಮಡಿಕೆಯೊಳಗೆ ಹೋಗಿ ಅಡಗಿಬಿಡುತ್ತದೆ.

ಕೈಯಲ್ಲಿ ಬಿಡಿಸುವವರು ಎ4 ಹಾಳೆಯ ಮೇಲೆ ಬಿಡಿಸಿ ಎ5ಗೆ ಇಳಿಸಿದರಾಯಿತು ಅಂದುಕೊಳ್ಳುತ್ತಾರೆ. ಅನುಪಾತ ಸರಿಯಾಗಿ ಕೂರುತ್ತದೆ, ನಿಜ, ಆದರೆ ಬ್ಲೀಡ್‌ಗೆ ಜಾಗ ಉಳಿಯುವುದಿಲ್ಲ. 154 ಮಿ.ಮೀ.ಯನ್ನು 1.414ರಿಂದ ಗುಣಿಸಿದರೆ 218 ಆಗುತ್ತದೆ, ಎ4 ಅಗಲ 210 ಮಾತ್ರ. ಎ3 ಹಾಳೆಯ ನಡುವೆ ಎ4 ಚೌಕಟ್ಟು ಎಳೆದು ಅದರ ಹೊರಗೂ ಚಿತ್ರ ಚಾಚಿ. ಡಿಜಿಟಲ್ ಆದರೆ ಅಚ್ಚಿನ ಅಳತೆಯಲ್ಲೇ 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ), ಅಂದರೆ 3638×5102 ಪಿಕ್ಸೆಲ್. ಬಣ್ಣದ ಮುಖಪುಟಕ್ಕೆ 300ರಿಂದ 400 ಸಾಕು.

ನೆರಳುಗೆರೆ
ಮೇಲಿನದಕ್ಕೆ ಒಂದು ಮಾತು ಸೇರಿಸುತ್ತೇನೆ, ಪುಟ ತಿರುವುವ ಲೆಕ್ಕ. ಪುಸ್ತಕದ 1ನೇ ಪುಟ ಬಲಕ್ಕೆ ಬರುತ್ತದೆ. ಆದ್ದರಿಂದ ಬೆಸ ಪುಟಗಳೆಲ್ಲ ಬಲಕ್ಕೆ, ಸಮ ಪುಟಗಳೆಲ್ಲ ಎಡಕ್ಕೆ. ಓದುಗ ಹಾಳೆ ತಿರುವಿದಾಗ ಮೊದಲು ಕಣ್ಣಿಗೆ ಬೀಳುವುದು ಸಮ ಪುಟ. ಬಾಗಿಲ ಹಿಂದೆ ಯಾರಿದ್ದಾರೆ ಅನ್ನುವ ಪ್ರಶ್ನೆ 37ರ ಕೊನೆಯ ಪ್ಯಾನೆಲ್‌ನಲ್ಲಿರಲಿ (ಪ್ಯಾನೆಲ್ ಅಂದರೆ ಪುಟದ ಒಂದೊಂದು ಚಿತ್ರಚೌಕ), ಉತ್ತರ 38ರಲ್ಲಿ. ಅದೇ ಉತ್ತರ 37ರಲ್ಲಿ ಬಂದರೆ, 36 ಓದುತ್ತಿರುವಾಗಲೇ ಓರೆಗಣ್ಣಿಗೆ ಕಂಡುಹೋಗುತ್ತದೆ.

ಇದರಿಂದ ಇನ್ನೊಂದು ನಿಯಮ ಹುಟ್ಟುತ್ತದೆ. ನಡುವೆ ಒಂದೇ ಒಂದು ಪುಟ ಸೇರಿಸಿದರೆ ಅಲ್ಲಿಂದ ಮುಂದಿನ ಎಲ್ಲ ತಿರುವುಗಳೂ ಕೆಡುತ್ತವೆ. ಎರಡು ಪುಟ ಹರಡಿಕೊಂಡ ಚಿತ್ರಗಳು ಒಂದು ಹಾಳೆಯ ಹಿಂದೆ-ಮುಂದೆ ಆಗಿಬಿಡುತ್ತವೆ. ಸೇರಿಸುವುದಾದರೂ ತೆಗೆಯುವುದಾದರೂ ಎರಡೆರಡು ಪುಟ.

ಅದಕ್ಕೇ ಇಡೀ ಪುಸ್ತಕದ ಥಂಬ್‌ನೇಲ್ (ಪುಟಗಳ ಪುಟ್ಟ ಕರಡು ಚಿತ್ರ) ಮೊದಲು ಮುಗಿಸಿ. ಒಂದೊಂದು ಪುಟ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಿದ್ದರೆ ಸಾಕು, ಎದುರುಬದುರು ಪುಟಗಳನ್ನು ಜೋಡಿಯಾಗಿಯೇ ಬಿಡಿಸಿ. ಮಾತಿನ ಗುಳ್ಳೆಗಳ ಜಾಗವನ್ನೂ ಇಲ್ಲೇ ಗುರುತು ಮಾಡಿ. ಮೊದಲು ಮಾತಾಡುವ ಪಾತ್ರ ಎಡಕ್ಕೆ ನಿಲ್ಲಬೇಕು. ಬಲಕ್ಕೆ ನಿಂತರೆ ಗುಳ್ಳೆಯ ಬಾಲಗಳು ಒಂದನ್ನೊಂದು ದಾಟುತ್ತವೆ, ಉತ್ತರ ಪ್ರಶ್ನೆಗಿಂತ ಮೊದಲು ಓದಿಸಿಕೊಳ್ಳುತ್ತದೆ. ಶಾಯಿ ಹಾಕಿದ ಮೇಲೆ ಇದನ್ನು ಸರಿಪಡಿಸಬೇಕಾದರೆ ಪ್ಯಾನೆಲ್ಲನ್ನೇ ಮತ್ತೆ ಬಿಡಿಸಬೇಕು.

ಸಮಯದ ಲೆಕ್ಕವನ್ನು ಊಹೆಯಿಂದ ಹಾಕಬೇಡಿ. ನಾಲ್ಕು ಪುಟ ಪೂರ್ತಿ ಮುಗಿಸಿ: ಇಬ್ಬರ ಮಾತುಕತೆಯದ್ದು ಒಂದು, ಜನಜಂಗುಳಿಯದ್ದು ಒಂದು, ಕಟ್ಟಡ-ಬೀದಿ ತುಂಬಿದ್ದು ಒಂದು, ಓಟ-ಹೊಡೆದಾಟದ್ದು ಒಂದು. ಪ್ರತಿ ಹಂತಕ್ಕೂ ಗಂಟೆ ಬರೆದಿಡಿ. ಸರಾಸರಿ 9 ಗಂಟೆ ಬಂತು ಅನ್ನಿ, 106 ಪುಟಕ್ಕೆ 954 ಗಂಟೆ. ಎಂಟು ತಿಂಗಳೆಂದರೆ 34 ವಾರ, ಅಚ್ಚಿನ ಕೆಲಸಕ್ಕೆ 7 ವಾರ ಕಳೆದರೆ 27. ವಾರಕ್ಕೆ 25 ಗಂಟೆ ಕೂತರೂ 675. ಹಾಗಾದರೆ 75 ಪುಟಕ್ಕಿಂತ ಹೆಚ್ಚು ಆಗುವುದಿಲ್ಲ. ಆಗ ಕಥೆ ಇಳಿಸಬೇಕು, ಇಲ್ಲವೇ ಬಿಡಿಸುವ ಶೈಲಿ ಹಗುರ ಮಾಡಬೇಕು. ನಿದ್ದೆಗೆಟ್ಟು ಸರಿದೂಗಿಸುತ್ತೇನೆ ಅನ್ನುವ ಮೂರನೇ ದಾರಿ ಮಣಿಕಟ್ಟಿನ ನೋವಿನಲ್ಲಿ ಮುಗಿಯುತ್ತದೆ.

ಪುಟಗಳನ್ನು ಕ್ರಮವಾಗಿ ಬಿಡಿಸಬೇಡಿ, ಎರಡನೇ ಅಧ್ಯಾಯದಿಂದ ಶುರು ಮಾಡಿ. ಮೇಳದಲ್ಲಿ ಎಲ್ಲರೂ ತೆರೆದು ನೋಡುವುದು ಮೊದಲ ಹತ್ತು ಪುಟ. ಕೈ ಪಳಗಿದ ಮೇಲೆ ಅವನ್ನು ಬಿಡಿಸಿದರೆ ಪುಸ್ತಕದ ಬಾಗಿಲು ಗಟ್ಟಿಯಾಗಿರುತ್ತದೆ.

ಮಸಿಕುಡಿಕೆ
ಕೊನೆಯ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಪಾತ್ರಗಳ ಮುಖ, ಬಟ್ಟೆ, ಮನೆಯ ಒಳಾಂಗಣ ಇವೆಲ್ಲ ನಿಶ್ಚಯವಾಗುವುದೇ ಮೊದಲ ದೃಶ್ಯಗಳಲ್ಲಿ. ಮಧ್ಯದಿಂದ ಶುರು ಮಾಡಿದರೆ ಮೊದಲ ಅಧ್ಯಾಯಕ್ಕೆ ಬರುವಷ್ಟರಲ್ಲಿ ಕಿಟಕಿ ಎಡಕ್ಕಿತ್ತೋ ಬಲಕ್ಕಿತ್ತೋ ಅಂತ ಹುಡುಕುವ ಹಾಗಾಗುತ್ತದೆ. ನನ್ನ ಸಲಹೆ: ಕ್ರಮವಾಗಿಯೇ ಹೋಗಿ, ಕೊನೆಯಲ್ಲಿ ಮೊದಲ ಆರು ಪುಟಗಳನ್ನು ಮಾತ್ರ ಮತ್ತೆ ಬಿಡಿಸಲು 50 ಗಂಟೆ ಎತ್ತಿಡಿ.

ನೆರಳುಗೆರೆ
ಪಾತ್ರಗಳ ಮಾದರಿ ಹಾಳೆ ಮತ್ತು ಪ್ರತಿ ಕೋಣೆಯ ನೆಲನಕ್ಷೆ ಮೊದಲೇ ಇದ್ದರೆ ಮಾತ್ರ ನಾನು ಹೇಳಿದ್ದು ನಡೆಯುತ್ತದೆ. ಅವಿಲ್ಲದಿದ್ದರೆ ಮಸಿಕುಡಿಕೆಯವರು ಹೇಳಿದ ದಾರಿಯೇ ಸರಿ.

ಗುಳ್ಳೆಬರಹ
ಕನ್ನಡ ಮಾತು ಅಂದಿದ್ದೀರಿ, ಆದ್ದರಿಂದ ಅಕ್ಷರದ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಇಂಗ್ಲಿಷ್ ಕಾಮಿಕ್‌ಗಳ ಅಳತೆ ಹೇಳುವ ಪಾಠಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು, ಮೇಲೆ ಗುಡಿಸು ಇರುತ್ತವೆ. ಎರಡು ಸಾಲಿನ ನಡುವಿನ ಅಂತರ ಅಕ್ಷರದ ಅಳತೆಯ 140ರಿಂದ 150 ಶೇಕಡಾ ಇಡಿ. ಯಾವುದೇ ಫಾಂಟ್ ಆರಿಸುವ ಮುಂಚೆ 'ರಾಷ್ಟ್ರ', 'ಸ್ತ್ರೀ', 'ಲಕ್ಷ್ಮಿ', 'ಕೃತ್ಯ' ಈ ನಾಲ್ಕನ್ನೂ ಒಂದರ ಕೆಳಗೊಂದು ಟೈಪ್ ಮಾಡಿ ನೋಡಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ಮುಟ್ಟುತ್ತಿದ್ದರೆ ಅಂತರ ಸಾಲದು.

ಎ5 ಪುಸ್ತಕಕ್ಕೆ 9ರಿಂದ 10 ಪಾಯಿಂಟ್ ಇರಲಿ. ಇನ್ನೂ ಚಿಕ್ಕದು ಮಾಡಿದರೆ ಏನಾಗುತ್ತದೆ ನೋಡಿ: 'ದ'ಗೂ 'ಧ'ಗೂ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು ಮಾತ್ರ. 'ಪ-ಫ', 'ಬ-ಭ'ಗಳಲ್ಲೂ ಹಾಗೆಯೇ. ಒರಟು ಕಾಗದದ ಮೇಲೆ ಶಾಯಿ ಹರಡಿಕೊಂಡಾಗ ಆ ಸೀಳು ಮುಚ್ಚಿಹೋಗುತ್ತದೆ, 'ಧನ' 'ದನ'ವಾಗುತ್ತದೆ. ಫಾಂಟ್‌ಗೆ ದಪ್ಪ ರೂಪ ಇಲ್ಲದಾಗ ಸಾಫ್ಟ್‌ವೇರ್ ತಾನೇ ಕೃತಕವಾಗಿ ದಪ್ಪ ಮಾಡುವುದೂ ಇದೇ ಅನಾಹುತಕ್ಕೆ ದಾರಿ. ಒತ್ತಿ ಹೇಳುವ ಮಾತಿಗೆ ದಪ್ಪ ರೂಪ ನಿಜವಾಗಿ ಇರುವ ಫಾಂಟನ್ನೇ ಹಿಡಿಯಿರಿ. ಬಲೂ ತಮ್ಮ 2, ನೋಟೋ ಸಾನ್ಸ್ ಕನ್ನಡ ಎರಡರಲ್ಲೂ ಹಲವು ದಪ್ಪಗಳಿವೆ, ಎರಡೂ ಮುಕ್ತ ಪರವಾನಗಿಯವು, ಮಾರುವ ಪುಸ್ತಕದಲ್ಲಿ ಬಳಸಲು ಅಡ್ಡಿಯಿಲ್ಲ. ಬೇರೆ ಫಾಂಟ್ ಆದರೆ ಪರವಾನಗಿ ಓದಿ. 'ಸ್ವಂತ ಬಳಕೆಗೆ ಮಾತ್ರ' ಅಂದಿದ್ದರೆ ಪುಸ್ತಕಕ್ಕೆ ಬಳಸುವಂತಿಲ್ಲ.

ಗುಳ್ಳೆಯ ಆಕಾರ: ನಡುವಿನ ಸಾಲು ಅಗಲ, ಮೇಲೆ-ಕೆಳಗೆ ಕಿರಿದು. ಕನ್ನಡದ ತೊಡಕು ಉದ್ದ ಪದಗಳದ್ದು. 'ನೀನು ಆವತ್ತೇ ಹೇಳಿಬಿಡಬೇಕಾಗಿತ್ತು, ಈಗ ಹೇಳಿದರೇನು ಬಂತು' ಅನ್ನುವ ಮಾತು ತೆಗೆದುಕೊಳ್ಳಿ. 'ನೀನು ಆವತ್ತೇ', ಅದರ ಕೆಳಗೆ 'ಹೇಳಿಬಿಡಬೇಕಾಗಿತ್ತು', ಅದರ ಕೆಳಗೆ 'ಈಗ ಹೇಳಿದರೇನು', ಕೊನೆಗೆ 'ಬಂತು' ಅಂತ ಕೂರಿಸಿದರೆ ಉದ್ದ ಪದ ಹೊಟ್ಟೆಯ ಭಾಗಕ್ಕೆ ಬಂದು ಗುಳ್ಳೆ ಸಹಜವಾಗಿ ಉಬ್ಬುತ್ತದೆ. ಅದೇ ಉದ್ದ ಪದ ಮೊದಲ ಸಾಲಿಗೆ ಬಂದರೆ ಇಡೀ ಗುಳ್ಳೆ ಅಗಲವಾಗಿ ಚಿತ್ರ ನುಂಗುತ್ತದೆ. ಪದ ಒಡೆಯಲೇಬೇಕಾದರೆ 'ಹೇಳಿಬಿಡ-ಬೇಕಾಗಿತ್ತು' ಅಂತ ಅರ್ಥ ಕೂಡುವಲ್ಲಿ ಒಡೆಯಿರಿ, ಸಾಫ್ಟ್‌ವೇರ್ ಒಡೆಯಲು ಬಿಡಬೇಡಿ. ಅದಕ್ಕಿಂತ ಒಳ್ಳೆಯದು ಮಾತನ್ನೇ ತಿದ್ದುವುದು: 'ಆವತ್ತೇ ಹೇಳ್ಬೇಕಿತ್ತು. ಈಗೇನು ಬಂತು?' ಅರ್ಧ ಜಾಗ ಉಳಿಯಿತು, ಬಾಯಲ್ಲಿ ಆಡುವ ಮಾತೂ ಆಯಿತು. ಹಸ್ತಪ್ರತಿಯ ಪ್ರತಿ ಸಂಭಾಷಣೆಯನ್ನೂ ಥಂಬ್‌ನೇಲ್ ಹಂತದಲ್ಲೇ ಹೀಗೆ ಕೂರಿಸಿ ನೋಡಿ.

ಸಾಫ್ಟ್‌ವೇರ್ ವಿಷಯ: ಚಿತ್ರ ಬಿಡಿಸುವ ಕೆಲವು ತಂತ್ರಾಂಶಗಳಲ್ಲಿ ಒತ್ತಕ್ಷರ ಒಡೆದು ಅರ್ಧಾಕ್ಷರವಾಗಿ ಕಾಣುತ್ತದೆ. ಚಿತ್ರ ಎಲ್ಲಿಯಾದರೂ ಬಿಡಿಸಿ, ಅಕ್ಷರವನ್ನು ಮಾತ್ರ ಇಂಕ್‌ಸ್ಕೇಪ್, ಸ್ಕ್ರೈಬಸ್ ಅಥವಾ ಇನ್‌ಡಿಸೈನ್‌ನಲ್ಲಿ ಹಾಕಿ. ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಅನ್ನುವ ಆಯ್ಕೆಯನ್ನು ಆರಿಸಿಕೊಳ್ಳದಿದ್ದರೆ ಅಲ್ಲೂ ಒಡೆಯುತ್ತದೆ. ಪ್ರೆಸ್ಸಿಗೆ ಕಳಿಸುವ ಫೈಲಿನಲ್ಲಿ ಅಕ್ಷರಗಳನ್ನು ಔಟ್‌ಲೈನ್ ಮಾಡಿ (ಅಂದರೆ ಬರೀ ಆಕಾರಗಳಾಗಿ ಬದಲಿಸಿ), ಏಕೆಂದರೆ ಅಲ್ಲಿ ಯಾರೋ ಹಳೆಯ ಆವೃತ್ತಿಯಲ್ಲಿ ಫೈಲ್ ತೆರೆದು ಉಳಿಸಿದರೆ ಒತ್ತುಗಳು ಚೆದುರುತ್ತವೆ. ಔಟ್‌ಲೈನ್ ಮಾಡದ ಮೂಲ ಪ್ರತಿ ನಿಮ್ಮ ಹತ್ತಿರ ಇರಲೇಬೇಕು. ಇಲ್ಲದಿದ್ದರೆ ಒಂದು ಕಾಗುಣಿತ ತಪ್ಪು ಸಿಕ್ಕರೂ ಇಡೀ ಗುಳ್ಳೆ ಮತ್ತೆ ಕಟ್ಟಬೇಕು.

ಬಿಳಿಹಾಳೆ
ನಾಲ್ಕು ಮಾದರಿ ಪುಟ ಮುಗಿಸಿದೆ: 5, 11, 12, 7 ಗಂಟೆ. ಗುಂಪು ಮತ್ತು ಬೀದಿ ದೃಶ್ಯಗಳೇ ಸಮಯ ತಿನ್ನುತ್ತಿವೆ. ಎರಡು ಉಪಕಥೆ ತೆಗೆದರೆ ಕಥೆ 90 ಪುಟಕ್ಕೆ ಇಳಿಯುತ್ತದೆ, ಒಟ್ಟು 96. ಬೂದು ಛಾಯೆ ಹೇಗೆ ಹಾಕುವುದು? ಎಷ್ಟು ಪ್ರತಿ ಅಚ್ಚು ಹಾಕಿಸಲಿ?

ಮಸಿಕುಡಿಕೆ
96 ಒಳ್ಳೆಯ ತೀರ್ಮಾನ. ಬೀದಿ ದೃಶ್ಯಕ್ಕೆ: ದೃಶ್ಯದ ಮೊದಲ ಪ್ಯಾನೆಲ್‌ನಲ್ಲಿ ಜಾಗವನ್ನು ಪೂರ್ತಿ ತೋರಿಸಿ. ಮುಂದಿನ ಪ್ಯಾನೆಲ್‌ಗಳಲ್ಲಿ ಒಂದು ಕಂಬ, ಒಂದು ಫಲಕದ ಅಂಚು ಸಾಕು, ಉಳಿದದ್ದನ್ನು ಓದುಗರ ಕಣ್ಣೇ ತುಂಬಿಕೊಳ್ಳುತ್ತದೆ. ಮತ್ತೆ ಮತ್ತೆ ಬರುವ ಕೋಣೆ ಇದ್ದರೆ ಬ್ಲೆಂಡರ್ ಅನ್ನುವ ತ್ರೀಡಿ ತಂತ್ರಾಂಶದಲ್ಲಿ ಬರೀ ಪೆಟ್ಟಿಗೆಗಳಿಂದ ಒಂದು ಮಾದರಿ ಕಟ್ಟಿ, ಬೇಕಾದ ಕೋನದಿಂದ ನೋಡಿ ಅದರ ಮೇಲೆ ಗೆರೆ ಎಳೆಯಿರಿ. ಪುಟಕ್ಕೆ ಸರಾಸರಿ 7 ಗಂಟೆಗೆ ಇಳಿದರೂ 630ರಲ್ಲಿ ಮುಗಿಯುತ್ತದೆ.

ಅಚ್ಚುಮೊಳೆ
ಬೂದು: ಗೆರೆಗಳೆಲ್ಲ 100 ಶೇಕಡಾ ಕಪ್ಪು, ಬೂದು ಅದರ ಕೆಳಗಿನ ಬೇರೆ ಲೇಯರ್‌ನಲ್ಲಿ. ಬೂದು ಬಣ್ಣ ಅಚ್ಚಿನಲ್ಲಿ ಚುಕ್ಕಿಗಳಾಗಿ ಬರುತ್ತದೆ, ಗೆರೆಯೇ ಬೂದಾದರೆ ಅಂಚು ಗರಗಸದಂತೆ ಕಾಣುತ್ತದೆ. ಮ್ಯಾಪ್‌ಲಿಥೋದಂಥ ಲೇಪನವಿಲ್ಲದ ಕಾಗದ ಶಾಯಿ ಹೀರುವುದರಿಂದ 50 ಶೇಕಡಾ ಬೂದು 65-70ರಷ್ಟು ಗಾಢವಾಗಿ ಕಾಣಬಹುದು. ಪರದೆಯ ಮೇಲೆ ತುಸು ತೆಳು ಅನ್ನಿಸುವಂತೆ ಹಾಕಿ. 5ಕ್ಕಿಂತ ಕಡಿಮೆ ಮಾಯವಾಗುತ್ತದೆ, 85ಕ್ಕಿಂತ ಹೆಚ್ಚು ಕಪ್ಪಾಗಿಯೇ ಬರುತ್ತದೆ. ಮೂರು ಬೂದು ಆರಿಸಿಕೊಂಡು (15, 30, 55) ಇಡೀ ಪುಸ್ತಕಕ್ಕೆ ಅವನ್ನೇ ಬಳಸಿದರೆ ನೋಟವೂ ಒಂದೇ ಹದದಲ್ಲಿರುತ್ತದೆ.

ಚುಕ್ಕಿ ಟೋನ್ (ಚುಕ್ಕಿಗಳಿಂದಲೇ ಮಾಡಿದ ಬೂದು) ಬಳಸುವುದಾದರೆ ಅಚ್ಚಿನ ಅಳತೆಯಲ್ಲೇ ಹಾಕಿ, ಆಮೇಲೆ ಹಿಗ್ಗಿಸುವುದೂ ಬೇಡ ಕುಗ್ಗಿಸುವುದೂ ಬೇಡ. ಎ4ರಲ್ಲಿ ಇಂಚಿಗೆ 60 ಸಾಲಿನ ಟೋನ್ ಎ5ಗೆ ಇಳಿದಾಗ 85 ಆಗುತ್ತದೆ, ಚುಕ್ಕಿಗಳು ಅಂಟಿಕೊಂಡು ಕಲೆಯಾಗುತ್ತವೆ, ಇಲ್ಲವೇ ಅಲೆಯಲೆಯಾದ ಮೊಆರೆ ಮೂಡುತ್ತದೆ.

ಬೆನ್ನು: 96 ಪುಟ ಅಂದರೆ 48 ಹಾಳೆ. ಹಾಳೆ 0.12 ಮಿ.ಮೀ. ದಪ್ಪವಾದರೆ 5.8 ಮಿ.ಮೀ. ಮುಖಪುಟದ ಫೈಲ್ 148+5.8+148 ಜೊತೆಗೆ ಬ್ಲೀಡ್, ಒಟ್ಟು 307.8×216. ಒಂದೇ ಜಿಎಸ್‌ಎಂನ (ಚದರ ಮೀಟರಿಗೆ ಗ್ರಾಂ ತೂಕ) ಎರಡು ಕಾಗದಗಳ ದಪ್ಪ ಬೇರೆ ಬೇರೆ ಇರುತ್ತದೆ, ಹಾಗಾಗಿ ಅದೇ ಕಾಗದದಲ್ಲಿ ಖಾಲಿ ಡಮ್ಮಿ (ಅಚ್ಚಿಲ್ಲದ ಮಾದರಿ ಪುಸ್ತಕ) ಕಟ್ಟಿಸಿ ಅಳೆಯಿರಿ. ಬೆನ್ನಿಗೊಂದು ಬಣ್ಣ, ಮುಖಕ್ಕೊಂದು ಬಣ್ಣ ಹಾಕಿ ಸರಿಯಾಗಿ ಮಡಿಕೆಯಲ್ಲೇ ಗೆರೆ ಬರುವಂತೆ ಮಾಡಬೇಡಿ. ಬೈಂಡಿಂಗ್ ಒಂದು ಮಿ.ಮೀ. ಸರಿದರೂ ಎದ್ದು ಕಾಣುತ್ತದೆ.

ಪ್ರೆಸ್ಸಿನಲ್ಲಿ ಎರಡು ಪ್ರಶ್ನೆ ಕೇಳಲೇಬೇಕು. ಒಂದು, ಅಂಟು ಯಾವುದು? ಸಾಮಾನ್ಯ ಇವಿಎ ಅಂಟು ಬಿಸಿಲಿಗೆ ಮೆತ್ತಗಾಗುತ್ತದೆ, ಚಳಿಗೆ ಬಿರಿಯುತ್ತದೆ. ಪಿಯುಆರ್ ಅಂಟು ಬಳುಕುತ್ತದೆ, ಹಾಳೆ ಕಿತ್ತು ಬರುವುದಿಲ್ಲ. ಒಳಪುಟ ಆರ್ಟ್ ಪೇಪರ್ (ಲೇಪನವಿರುವ ನುಣುಪು ಕಾಗದ) ಆದರೆ ಪಿಯುಆರ್ ಬಿಟ್ಟು ಬೇರೆ ಬೇಡ. ಎರಡು, ಕಾಗದದ ಎಳೆ (ಅದರ ನಾರುಗಳು ಸಾಗುವ ದಿಕ್ಕು) ಬೆನ್ನಿಗೆ ಸಮಾನಾಂತರವಾಗಿದೆಯೇ? ಅಡ್ಡವಾಗಿದ್ದರೆ ಪುಸ್ತಕ ತೆರೆದರೂ ತಾನೇ ಮುಚ್ಚಿಕೊಳ್ಳುತ್ತದೆ, ಬೆನ್ನಿನ ಹತ್ತಿರ ಹಾಳೆ ಸುಕ್ಕುಗಟ್ಟುತ್ತದೆ. ಡಮ್ಮಿಯ ಹಾಳೆಯನ್ನು ಎರಡೂ ಕಡೆ ಬಗ್ಗಿಸಿ ನೋಡಿ, ಸಲೀಸಾಗಿ ಬಗ್ಗುವ ಮಡಿಕೆಯ ದಿಕ್ಕೇ ಎಳೆಯ ದಿಕ್ಕು.

ಪ್ರತಿಗಳ ಸಂಖ್ಯೆ: ಆಫ್‌ಸೆಟ್‌ನಲ್ಲಿ ಪ್ಲೇಟು ಮತ್ತು ಹೊಂದಿಸುವ ಖರ್ಚು 100 ಪ್ರತಿಗೂ 1000 ಪ್ರತಿಗೂ ಒಂದೇ. ಡಿಜಿಟಲ್‌ನಲ್ಲಿ ಪ್ರತಿಯ ಬೆಲೆ ಹೆಚ್ಚು ಬದಲಾಗುವುದಿಲ್ಲ. 100, 200, 500, 1000ಕ್ಕೆ ಎರಡೂ ಬಗೆಯ ದರ ಬರೆಸಿಕೊಂಡು ಎಲ್ಲಿ ಕೂಡುತ್ತವೆ ನೋಡಿ. ಆದರೆ ಅಗ್ಗ ಅಂತ 1000 ಹಾಕಿಸುವ ಮುಂಚೆ ಮೇಜಿನ ಮೇಲೆ ಎಷ್ಟು ಹೋಗುತ್ತದೆ ಅಂತ ಕೇಳಿ.

ಮೇಜಿನಂಚು
ಆ ಲೆಕ್ಕ ನಾನು ಹೇಳ್ತೀನಿ. ಮೇಳಕ್ಕೆ ಎಷ್ಟು ಸಾವಿರ ಜನ ಬರ್ತಾರೆ ಅನ್ನೋದು ಉಪಯೋಗಕ್ಕೆ ಬರಲ್ಲ, ನೀವು ಎಷ್ಟು ಜನರ ಹತ್ರ ಮಾತಾಡಬಹುದು ಅನ್ನೋದೇ ಲೆಕ್ಕ. ಗಂಟೆಗೆ ಎಂಟು ಮಾತುಕತೆ, ದಿನಕ್ಕೆ ಏಳು ಗಂಟೆ ಹಿಡಿಯೋಣ, 56 ಆಯ್ತು. ಆರರಲ್ಲಿ ಒಬ್ಬರು ಕೊಂಡರೆ ದಿನಕ್ಕೆ ಒಂಬತ್ತು. ಎರಡು ದಿನಕ್ಕೆ 18-20. ಪರಿಚಯದವರು, ಇತರ ಕಲಾವಿದರು ಸೇರಿ 35 ಒಯ್ದರೆ ಸಾಕು. ಮೊದಲ ಮುದ್ರಣ 150-200 ಡಿಜಿಟಲ್ ಹಾಕಿಸಿ.

ತೂಕ ಮರೀಬೇಡಿ. 100 ಜಿಎಸ್‌ಎಂ ಎ5 ಹಾಳೆ 3.1 ಗ್ರಾಂ, 48 ಹಾಳೆಗೆ 149, ಮುಖಪುಟಕ್ಕೆ 15. ಪುಸ್ತಕ ಸುಮಾರು 165 ಗ್ರಾಂ, 60 ಪ್ರತಿಗೆ 10 ಕೆ.ಜಿ. ಒಂದು ಪೆಟ್ಟಿಗೆಗೆ ಅದಕ್ಕಿಂತ ಹೆಚ್ಚು ತುಂಬಬೇಡಿ, ತಳ ಹರಿಯುತ್ತೆ. ಮ್ಯಾಟ್ ಲ್ಯಾಮಿನೇಶನ್ ಇರೋ ಕಪ್ಪು ಮುಖಪುಟ ಒಂದಕ್ಕೊಂದು ಉಜ್ಜಿ ಬಿಳಿ ಗೀರು ಬೀಳುತ್ತೆ, ನಡುವೆ ಒಂದೊಂದು ತೆಳು ಕಾಗದ ಇಡಿ.

ಎಲ್ಲ ಮೇಳನೂ ಒಂದೇ ಅಲ್ಲ. 1970ರಲ್ಲಿ ಶುರುವಾದ ಅಮೆರಿಕದ ಸ್ಯಾನ್ ಡಿಯಾಗೋ ಕಾಮಿಕ್ ಮೇಳದಂಥ ಕಡೆ ಸಿನಿಮಾ, ಆಟಿಕೆ, ವೇಷಭೂಷಣಕ್ಕೂ ಜನ ಬರ್ತಾರೆ. ಟೋಕಿಯೊದ ಕೊಮಿಕೆಟ್ (1975), ಅಮೆರಿಕದ ಸ್ಮಾಲ್ ಪ್ರೆಸ್ ಎಕ್ಸ್‌ಪೋ (1994) ಇಂಥ ಕಡೆ ಬರೋರು ಸ್ವಂತವಾಗಿ ಅಚ್ಚು ಹಾಕಿಸಿದ ಪುಸ್ತಕವನ್ನೇ ಹುಡುಕಿಕೊಂಡು ಬರ್ತಾರೆ. ಮೊದಲ ಬಗೆಯಲ್ಲಿ ಬಿಡಿ ಚಿತ್ರಗಳು ಬೇಗ ಹೋಗುತ್ವೆ, ಎರಡನೇ ಬಗೆಯಲ್ಲಿ ಪುಸ್ತಕ. ನಿಮ್ಮ ಮೇಳ ಯಾವ ಬಗೆ ಅಂತ ನೋಡಿ ಸರಕು ಹೊಂದಿಸಿ. ಮೇಜಿನ ಅರ್ಜಿ ಆರೇಳು ತಿಂಗಳ ಮುಂಚೆಯೇ ಮುಚ್ಚಬಹುದು, ಇವತ್ತೇ ದಿನಾಂಕ ನೋಡಿ. ಅರ್ಜಿಗೆ ಬಿಡಿ ಚಿತ್ರಗಳ ಬದಲು ಒಂದರ ಹಿಂದೊಂದು ಬರೋ ಐದಾರು ಮುಗಿದ ಪುಟ ಕಳಿಸಿ. ಕಥೆ ಹೇಳೋಕೆ ಬರುತ್ತಾ ಅಂತ ಆರಿಸೋರು ನೋಡೋದು ಅದರಲ್ಲೇ.

ಮೇಜು ಸಾಮಾನ್ಯವಾಗಿ ಆರು ಅಡಿ, ಎಷ್ಟೋ ಸಲ ಸಿಗೋದು ಅರ್ಧ. ಮನೆಯ ನೆಲದ ಮೇಲೆ ಟೇಪಿಂದ ಆ ಅಳತೆ ಗುರುತು ಮಾಡಿ ಎಲ್ಲ ಜೋಡಿಸಿ, ಎರಡು ಮೀಟರ್ ದೂರ ನಿಂತು ಫೋಟೋ ತೆಗೀರಿ. ಮಲಗಿಸಿಟ್ಟ ಪುಸ್ತಕ ಅಲ್ಲಿಂದ ಬರೀ ಗೆರೆಯಾಗಿ ಕಾಣುತ್ತೆ. ಸ್ಟ್ಯಾಂಡ್ ಮೇಲೆ ಮುಖಪುಟ ಕಣ್ಣಿನ ಮಟ್ಟಕ್ಕೆ ನಿಲ್ಲಿಸಿ, ತಳಕ್ಕೆ ಭಾರ ಕಟ್ಟಿ. ಹಿಂದಿನ ಬ್ಯಾನರ್‌ನಲ್ಲಿ ಹೆಸರು ಮೇಲಿನ ಮೂರನೇ ಒಂದು ಭಾಗದಲ್ಲಿ ಇರಲಿ, ಕೆಳಗಿನದು ನಿಮ್ಮ ಬೆನ್ನಿಗೆ ಮರೆಯಾಗುತ್ತೆ. ಬಟ್ಟೆ ಮುಂದೆ ನೆಲದ ತನಕ ಇಳೀಬೇಕು, ಪೆಟ್ಟಿಗೆ ಎಲ್ಲ ಅದರ ಹಿಂದೆ, ಪೆಟ್ಟಿಗೆಯ ಅಡಿಗೆ ಪ್ಲಾಸ್ಟಿಕ್ ಹಾಳೆ. ನೆಲ ಒರೆಸೋರು ಬೆಳಿಗ್ಗೆ ಬರ್ತಾರೆ.

ಬೆಲೆ ದೊಡ್ಡದಾಗಿ ಬರೆದಿಡಿ, ಬೆಲೆ ಕೇಳೋಕೆ ಸಂಕೋಚಪಟ್ಟು ಮುಂದೆ ಹೋಗೋರು ಬಹಳ. ಜೊತೆಗೆ 'ಪೂರ್ಣ ಕಥೆ, ಒಂದೇ ಸಂಪುಟ, 96 ಪುಟ' ಅಂತಲೂ ಬರೀರಿ. 'ಓದಲು' ಅಂತ ಚೀಟಿ ಅಂಟಿಸಿದ ಒಂದು ಪ್ರತಿ ಇರಲಿ. ಕಥೆನ ಒಂದೇ ಉಸಿರಲ್ಲಿ ಹೇಳೋದು ಅಭ್ಯಾಸ ಮಾಡಿ: ಯಾರು, ಏನು ಬೇಕು, ಯಾವುದು ಅಡ್ಡ. ಅಷ್ಟು ಹೇಳಿ ಪುಸ್ತಕ ಕೈಗೆ ಕೊಟ್ಟು ಸುಮ್ಮನಾಗಿ. ಓದ್ತಾ ಇರೋರ ಹತ್ರ ಮಾತಾಡಿದರೆ ಅವರು ಪುಸ್ತಕ ಮುಚ್ಚಿ ನಿಮ್ಮ ಮುಖ ನೋಡ್ತಾರೆ, ಆಮೇಲೆ ಹೊರಟುಹೋಗ್ತಾರೆ.

ಕೊಳ್ಳದೆ ಹೋಗೋರ ಕೈಗೆ ಎಂಟು ಪುಟದ ಮಿನಿ ಪುಸ್ತಕ ಕೊಡಿ. ಒಂದು ಎ4 ಹಾಳೆಯ ಒಂದೇ ಬದಿಗೆ ಅಚ್ಚು ಮಾಡಿ, ಎಂಟು ಭಾಗವಾಗಿ ಮಡಿಚಿ, ನಡುವಿನ ಉದ್ದ ಮಡಿಕೆಯಲ್ಲಿ ಮಧ್ಯದ ಎರಡು ಭಾಗದಷ್ಟು ಮಾತ್ರ ಸೀಳಿ ಮಡಿಚಿದರೆ 74×105 ಮಿ.ಮೀ. ಪುಟ್ಟ ಪುಸ್ತಕ, ಪಿನ್ನೂ ಬೇಡ. ಪುಸ್ತಕದ ಪುಟಗಳನ್ನ ಕುಗ್ಗಿಸಿ ಹಾಕಬೇಡಿ, ಅಕ್ಷರ ಓದೋಕಾಗಲ್ಲ. ಪುಟಕ್ಕೊಂದು ಪ್ಯಾನೆಲ್ ಆರಿಸಿ.

ಚಿಲ್ಲರೆ, ಎರಡು ಕ್ಯೂಆರ್ ಫಲಕ, ಪವರ್ ಬ್ಯಾಂಕ್, ಟೇಪು, ಬ್ಲೇಡು, ಕ್ಲಿಪ್ಪು, ಸಹಿಗೆ ಒದ್ದೆಯಾದರೂ ಶಾಯಿ ಹರಡದ ಪೆನ್ನು. ನೆಟ್‌ವರ್ಕ್ ಹೋಗೇ ಹೋಗುತ್ತೆ, ನಗದಿಗೂ ತಯಾರಿರಿ. ಯಾವ ಗಂಟೆಗೆ ಏನು ಹೋಯ್ತು ಅಂತ ಒಂದು ಪುಸ್ತಕದಲ್ಲಿ ಗೀಟು ಹಾಕಿ. ಒಬ್ಬರೇ ಕೂರೋದು ಬೇಡ, ಊಟಕ್ಕಾದರೂ ಮೇಜು ನೋಡಿಕೊಳ್ಳೋರು ಬೇಕು.

ಗುಳ್ಳೆಬರಹ
ಬೆಲೆ ನಿಗದಿ ಬಗ್ಗೆ ಯಾರೂ ಹೇಳಲಿಲ್ಲ. ಅಚ್ಚಿನ ಖರ್ಚಿನ ನಾಲ್ಕು ಪಟ್ಟು ಇಡಿ. ಮುಂದೆ ಅಂಗಡಿಗೆ ಕೊಟ್ಟಾಗ ಅವರು 40-50 ಶೇಕಡಾ ಇಟ್ಟುಕೊಳ್ಳುತ್ತಾರೆ, ಉಳಿದ ಎರಡು ಪಾಲಿನಲ್ಲಿ ಒಂದು ಅಚ್ಚಿಗೆ, ಒಂದು ನಿಮಗೆ. ಮೇಳಕ್ಕೆಂದು ಎರಡು ಪಟ್ಟು ಬೆಲೆ ಇಟ್ಟರೆ ಅಂಗಡಿಯ ದಾರಿ ಮುಚ್ಚಿದಂತೆ. ಇನ್ನೊಬ್ಬರು ಶಾಯಿ ಅಥವಾ ಬೂದು ಹಾಕಿಕೊಡುತ್ತಿದ್ದರೆ ಹಕ್ಕು ಯಾರದು, ಪುಟಕ್ಕೆ ಎಷ್ಟು, ಮರುಮುದ್ರಣದಲ್ಲಿ ಪಾಲು ಇದೆಯೇ ಅನ್ನುವುದನ್ನು ಕೆಲಸಕ್ಕೆ ಮುಂಚೆಯೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ.

ಬಿಳಿಹಾಳೆ
ಎಲ್ಲರಿಗೂ ಧನ್ಯವಾದ. ಕೊನೆಯ ಪ್ರಶ್ನೆ: ಪ್ರೆಸ್ಸಿನಿಂದ ಪ್ರೂಫ್ (ಅಚ್ಚಿಗೆ ಮುಂಚಿನ ಪರೀಕ್ಷಾ ಪ್ರತಿ) ಬಂದಾಗ ಏನೇನು ನೋಡಬೇಕು?

ಅಚ್ಚುಮೊಳೆ
ಪರದೆಯ ಮೇಲಿನ ಪಿಡಿಎಫ್ ಪ್ರೂಫ್‌ಗೆ ಒಪ್ಪಿಗೆ ಕೊಡಬೇಡಿ, ಅದೇ ಕಾಗದದಲ್ಲಿ ಕಟ್ಟಿದ ಒಂದು ಪ್ರತಿ ಕೇಳಿ. ಮೊದಲು ಓದಬೇಡಿ, ಬರೀ ಪುಟಸಂಖ್ಯೆ ಎಣಿಸುತ್ತ ತಿರುವಿ: ಪುಟ ಬಿಟ್ಟುಹೋಗಿದೆಯೇ, ತಲೆಕೆಳಗಾಗಿದೆಯೇ, ಹರಡಿದ ಚಿತ್ರಗಳು ಎದುರುಬದುರು ಬಂದಿವೆಯೇ. ಎರಡನೇ ಸಲ ಬೆನ್ನಿನ ಹತ್ತಿರದ ಗುಳ್ಳೆಗಳನ್ನು ಮಾತ್ರ ನೋಡಿ. ಮೂರನೇ ಸಲ ಕಥೆ ಗೊತ್ತಿಲ್ಲದ ಒಬ್ಬರಿಗೆ ಕೊಟ್ಟು ಜೋರಾಗಿ ಓದಿಸಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ಕಾಗುಣಿತ ತಪ್ಪಿರುತ್ತದೆ ಅಥವಾ ಗುಳ್ಳೆಯ ಕ್ರಮ ತಪ್ಪಿರುತ್ತದೆ. ಮುಖಪುಟದ ದೊಡ್ಡ ಕಪ್ಪು ಭಾಗ ಮಾಸಿದಂತಿದ್ದರೆ ಅಲ್ಲಿ ಬರೀ ಕಪ್ಪಿನ ಬದಲು ಸಯಾನ್ 60, ಮಜೆಂಟಾ 40, ಹಳದಿ 40, ಕಪ್ಪು 100 ಹಾಕಿಸಿ. ಸಣ್ಣ ಅಕ್ಷರಕ್ಕೂ ಬಾರ್‌ಕೋಡ್‌ಗೂ ಮಾತ್ರ ಬರೀ ಕಪ್ಪೇ ಇರಲಿ, ನಾಲ್ಕು ಬಣ್ಣ ಕೂದಲೆಳೆಯಷ್ಟು ಸರಿದರೂ ಅಂಚಿಗೆ ಕೆಂಪು-ನೀಲಿ ಇಣುಕುತ್ತದೆ. ತಿದ್ದಿದ ಫೈಲಿಗೆ ಹೊಸ ಹೆಸರು, ದಿನಾಂಕ ಹಾಕಿ ಕಳಿಸಿ. ಹಳೆಯದನ್ನು ಪ್ರೆಸ್ಸಿನ ಫೋಲ್ಡರ್‌ನಿಂದ ತೆಗೆಸಿ ಬಂದ ಮೇಲೆಯೇ ಅಚ್ಚಿಗೆ ಹೂಂ ಅನ್ನಿ.